ಪ್ರತಿಕ್ರಿಯೆ: 10 ಪಂದ್ಯ ಗೆದ್ದರೂ ಅಯೋವಾ ಕೋಚ್‌ಗೆ ಯಾಕೆ ಬೈಗುಳ, ತಪ್ಪು ಯಾರದೆಂದು ನೋಡೋದು ಹೇಗೆ?

ಅಮೆರಿಕನ್ ಕಾಲೇಜು ಫುಟ್‌ಬಾಲ್‌ನಲ್ಲಿ ಅಯೋವಾ ತಂಡ 10 ಪಂದ್ಯ ಗೆದ್ದರೂ ಕೋಚ್‌ಗೆ ಯಾಕೆ ಬೈತಾರೆ ಅಂತ ಕೇಳಿದ್ದೀರಿ. ಗೆಲುವನ್ನೂ ಅಫೆನ್ಸನ್ನೂ (ಚೆಂಡು ಹಿಡಿದು ಅಂಕ ಗಳಿಸಲು ಆಡುವ ಪಡೆ) ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದೀರಿ, ಗೊಂದಲ ಅಲ್ಲೇ ಇದೆ. 2023ರಲ್ಲಿ ಅಯೋವಾ ಗೆದ್ದಿದ್ದು ಜಾಸ್ತಿ ಡಿಫೆನ್ಸ್‌ನಿಂದ (ಎದುರಾಳಿಯನ್ನು ತಡೆಯುವ ಪಡೆ), ಮತ್ತೆ ಪಂಟರ್ (ಚೆಂಡನ್ನು ದೂರ ಒದ್ದು ಎದುರಾಳಿಯನ್ನು ಹಿಂದಕ್ಕೆ ತಳ್ಳುವವ) ಟೋರಿ ಟೇಲರ್ ಕಾಲಿನಿಂದ. ಅಫೆನ್ಸ್ ಕೋಚ್ ಬ್ರಯಾನ್ ಫೆರೆಂಟ್ಸ್ ಕರಾರಿನಲ್ಲಿ ಪಂದ್ಯಕ್ಕೆ ಸರಾಸರಿ 25 ಅಂಕದ ಗುರಿ ಇತ್ತು. ಬಂದದ್ದು ಸುಮಾರು 15, ಅದೂ ಡಿಫೆನ್ಸ್ ತಂದ ಅಂಕ ಸೇರಿಸಿ! ಮೇಲಾಗಿ ಬ್ರಯಾನ್ ಅಪ್ಪ ಕರ್ಕ್ ಫೆರೆಂಟ್ಸೇ ತಂಡದ ಮುಖ್ಯ ಕೋಚ್. ಜನ ಸುಮ್ನೆ ಇರ್ತಾರಾ?

ಆ ವರ್ಷ ನಾರ್ತ್‌ವೆಸ್ಟರ್ನ್ ವಿರುದ್ಧ 10-7ರಲ್ಲಿ ಗೆದ್ದ ಪಂದ್ಯದ ವಿಡಿಯೋ ಹಾಕಿಕೊಂಡು ಕೂತುಕೊಳ್ಳಿ, ಪಕ್ಕದಲ್ಲಿ ಒಂದು ಹಾಳೆ ಇರಲಿ.

ಮೊದಲು, ಚೆಂಡು ಕೈಗೆ ಬಂದಾಗ ತಂಡ ಎಲ್ಲಿಂದ ಶುರು ಮಾಡಿತು ಅಂತ ಬರೆಯಿರಿ. ಎದುರಾಳಿಯ 30 ಗಜದ ಗೆರೆ ಹತ್ತಿರ ಸಿಕ್ಕಿ 3 ಅಂಕ ಬಂದರೆ, ಅದರ ಹೆಚ್ಚಿನ ಶ್ರೇಯ ಅಫೆನ್ಸ್‌ದಲ್ಲ. ಆಮೇಲೆ ಮೊದಲ ಡೌನ್‌ನಲ್ಲಿ (10 ಗಜ ಮುಂದೆ ಹೋಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಪ್ರತಿಯೊಂದೂ ಒಂದು ಡೌನ್) ಓಟವೋ ಪಾಸೋ ನೋಡಿ. ನೀವೇ ಮುಂಚೆ ಊಹಿಸೋಕೆ ಆಗ್ತಿದ್ರೆ ಎದುರಾಳಿಗೂ ಆಗ್ತಿದೆ, ಅಲ್ವಾ? ಮೂರನೇ ಡೌನ್‌ಗೆ ಪದೇ ಪದೇ 8-9 ಗಜ ಉಳಿದರೆ ಪ್ಲ್ಯಾನ್ ಮೇಲೆ ಅನುಮಾನ ಪಡಿ. ಕೊನೆಗೆ, ಪಾಸ್ ತಪ್ಪಿದಾಗ ರಿಪ್ಲೇ ನೋಡಿ. ಪಾಸ್ ಹಿಡಿಯಲು ಓಡಿದವನು ಖಾಲಿ ಜಾಗದಲ್ಲಿದ್ದು ಚೆಂಡು ತಲೆ ಮೇಲೆ ಹೋದರೆ ಅದು ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವ) ತಪ್ಪು. ಯಾರಿಗೂ ಜಾಗವೇ ಸಿಗದಿದ್ದರೆ ಬಹುಶಃ ಕೋಚ್‌ದು.

ಬಹುಶಃ ಅಂದಿದ್ದು ಯಾಕಂದ್ರೆ, ಕ್ವಾರ್ಟರ್‌ಬ್ಯಾಕ್ ಕೇಡ್ ಮೆಕ್‌ನಮಾರಾ ಗಾಯಗೊಂಡು ಆಗಲೇ ಹೊರಗಿದ್ದರು. ಹಾಗಾಗಿ ಒಂದೇ ಪಂದ್ಯಕ್ಕೆ ತೀರ್ಪು ಬೇಡ, ಅವರು ಆಡಿದ ಸೆಪ್ಟೆಂಬರ್ ಪಂದ್ಯ ಒಂದಕ್ಕೂ ಇದೇ ಲೆಕ್ಕ ಹಾಕಿ, ಎರಡೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿ.