ಗಾಳಿ ಕಮ್ಮಿ ಇದ್ದಾಗ ಬೋರ್ಡ್ ನೀರು ಬಿಟ್ಟು ಏಳಲ್ಲ, ಏನ್ಮಾಡ್ಲಿ?

ಪ್ರಶ್ನೆ: ಸರ್, ನಾನು ಮೂಲ್ಕಿ ಕಡೆಯವ್ನು, ವಿಂಗ್ ಫಾಯ್ಲಿಂಗ್ ಮಾಡ್ತೀನಿ, ತೂಕ 78 ಕೆಜಿ. ಕೈಯಲ್ಲಿ ಹಿಡಿಯೋ, ಗಾಳಿ ತುಂಬಿದ 5 ಚದರ ಮೀಟರ್ ವಿಂಗು, 95 ಲೀಟರ್ ಬೋರ್ಡು, ಅದರ ಕೆಳಗೆ ನೀರೊಳಗಿರೋ ಫಾಯ್ಲ್‌ನ ಮುಂದಿನ ರೆಕ್ಕೆ 1400 ಚದರ ಸೆಂಟಿಮೀಟರು. ಗಾಳಿ 14 ನಾಟ್ (ಗಂಟೆಗೆ ಸುಮಾರು 26 ಕಿ.ಮೀ.) ಇದ್ರೆ ಆರಾಮಾಗಿ ಏಳ್ತೀನಿ. 10ಕ್ಕೆ ಇಳಿದ್ರೆ ಮಾತ್ರ ಹದಿನೈದು ಸಲ ವಿಂಗ್ ಬೀಸಿ ಪಂಪ್ ಮಾಡೋಷ್ಟರಲ್ಲಿ ತೋಳು ಸೋತೋಗತ್ತೆ, ವಿಂಗಿನ ಹಿಂದಿನ ಅಂಚು ಪಟಪಟ ಅಂತ ಹೊಡ್ಕೊಳ್ಳತ್ತೆ. ವಿಂಗಿಗೆ ಗಾಳಿ ತುಂಬುವಾಗ ಪ್ರೆಶರ್ 5 ಪಿಎಸ್ಐ ಬಂದ್ರೆ ನಿಲ್ಲಿಸ್ತೀನಿ. 6 ಮೀಟರಿಂದು ತಗೋಬೇಕಾ?

ಉತ್ತರ: ದುಡ್ಡು ಸದ್ಯಕ್ಕೆ ಜೇಬಲ್ಲೇ ಇರ್ಲಿ. ನಿಮ್ಮ ಅರ್ಧ ತೊಂದರೆ ಆ 5 ಪಿಎಸ್ಐನಲ್ಲೇ ಇದೆ. ಸಾಮಾನ್ಯವಾಗಿ ವಿಂಗುಗಳಿಗೆ 7ರಿಂದ 9ರವರೆಗೆ ಬೇಕಾಗತ್ತೆ, ನಿಮ್ಮದಕ್ಕೆ ಎಷ್ಟು ಅಂತ ವಾಲ್ವ್ ಪಕ್ಕದಲ್ಲೇ ಪ್ರಿಂಟ್ ಆಗಿರತ್ತೆ ನೋಡಿ, ಅಲ್ಲೀತನಕ ತುಂಬಿ. ವಿಂಗಿನ ಮುಂದಿನ ಅಂಚಿನ ಟ್ಯೂಬು ಮೆತ್ತಗಿದ್ರೆ ನೀವು ಜಗ್ಗಿದ ತಕ್ಷಣ ಎರಡೂ ತುದಿ ಒಳಕ್ಕೆ ಬಾಗತ್ತೆ, ಮಧ್ಯದ ಬಟ್ಟೆ ಸಡಿಲ ಆಗತ್ತೆ, ಆಮೇಲೆ ಆ ಹೊಟ್ಟೆ ಮತ್ತೆ ತುಂಬೋದ್ರಲ್ಲೇ ಅರ್ಧ ಬೀಸು ಮುಗ್ದೋಗತ್ತೆ. ಚೆಂಡೆ ಬಿಗಿ ಮಾಡ್ಕೊಳ್ದೆ ಬಡಿದಂಗೆ, ಕೈ ನೋಯತ್ತೆ ನಾದ ಬರಲ್ಲ.

ಇನ್ನೊಂದು, ಬಿಸಿಲಲ್ಲಿ ತುಂಬಿದ ವಿಂಗು ನೀರಿಗೆ ಬಿದ್ಮೇಲೆ ತಣ್ಣಗಾಗಿ ಪ್ರೆಶರ್ ಇಳಿಯತ್ತೆ. ಒಳಗಿನ ಗಾಳಿ 40 ಡಿಗ್ರಿಯಿಂದ 28ಕ್ಕೆ ಬಂದ್ರೆ 8 ಇದ್ದಿದ್ದು ಹೆಚ್ಚುಕಮ್ಮಿ 7 ಆಗತ್ತೆ. ಅದಕ್ಕೆ ನೆರಳಲ್ಲಿ ತುಂಬಿ, ಒಂದ್ಸಲ ನೀರಲ್ಲಿ ಅದ್ದಿ, ಆಮೇಲೆ ಟ್ಯೂಬನ್ನ ಬೆರಳಲ್ಲಿ ಮೀಟಿ ನೋಡಿ, ಟಣ್ ಅಂತ ಬಿಗಿಯಾಗಿ ಕೇಳ್ಬೇಕು.

ಈಗ ಪಂಪಿಂಗು. ಮೊದ್ಲು ನೆನಪಿಟ್ಕೊಳ್ಳಿ, ಬೋರ್ಡಿನ ವೇಗ ಎರಡರಷ್ಟಾದ್ರೆ ಫಾಯ್ಲ್ ಎತ್ತೋ ಬಲ ನಾಲ್ಕರಷ್ಟಾಗತ್ತೆ. ಹಾಗಾಗಿ ಕೈ ಕೆಲಸ ವೇಗ ತರೋದು, ಎತ್ತೋದು ಕಾಲಿನ ಕೆಲಸ. ನಿಂತಲ್ಲೇ ಸುಮ್ನೆ ಬೀಸ್ಬೇಡಿ, ನೀರಿನ ಮೇಲೆ ಕಪ್ಪಗೆ ಸಣ್ಣಲೆ ಎದ್ಕೊಂಡು ಬರೋ ಜಾಗ ಕಾಣತ್ತಲ್ಲ ಅದೇ ಜೋರು ಗಾಳಿ, ಅದು ನಿಮ್ಮನ್ನ ಮುಟ್ಟೋ ತನಕ ತೋಳಿಗೆ ರೆಸ್ಟ್ ಕೊಡಿ. ಬಂತಾ, ಬೋರ್ಡಿನ ಮೂತಿ ಒಂಚೂರು ಗಾಳಿ ಹೋಗೋ ದಿಕ್ಕಿಗೆ ತಿರುಗಿಸಿ, ಹಿಂದಿನ ಕೈ ಹಿಡಿಕೆಯಲ್ಲಿ ಇನ್ನಷ್ಟು ಹಿಂದಕ್ಕೆ ಇಟ್ಕೊಂಡು ಮುಂದೆ ಮೇಲಿಂದ ಸೊಂಟದ ಕಡೆಗೆ ಉದ್ದಕ್ಕೆ ಎಳೀರಿ. ದೋಣಿಗೆ ಹುಟ್ಟು ಹಾಕ್ದಂಗೆ, ಎಳೆಯುವಾಗ ಪೂರ್ತಿ ಬಲ, ವಾಪಸ್ ಒಯ್ಯುವಾಗ ಹಿಂದಿನ ಕೈ ಸಡಿಲ. ಗಡಿಬಿಡಿಯ ಹದಿನೈದು ಸಣ್ಣ ಬೀಸಿಗಿಂತ ಉದ್ದನೆಯ ಐದು ಸಾಕು.

ಮೂರ್ನಾಲ್ಕು ಎಳೆತಕ್ಕೆ ಬೋರ್ಡ್ ಜಾರೋಕೆ ಶುರು ಆಗತ್ತೆ, ಕೆಳಗಿನ ನೀರಿನ ಸದ್ದೇ ಬದಲಾಗತ್ತೆ. ಆಗ ಮಂಡಿ ಬಗ್ಗಿಸಿ, ವಿಂಗ್ ಎಳೆಯೋದೂ ಎದ್ದು ನಿಲ್ಲೋದೂ ಒಂದೇ ಹೊತ್ತಿಗೆ ಆಗ್ಲಿ, ಆ ಕ್ಷಣಕ್ಕೆ ಬೋರ್ಡ್ ಮೇಲೆ ನಿಮ್ಮ ಭಾರ ಇಲ್ದಂಗಾಗತ್ತೆ, ಅದೇ ಏಳೋ ಕ್ಷಣ. ನಂಗೆ ಇದು ಕೂಡಿ ಬರೋಕೆ ಒಂದು ಸೀಸನ್ನೇ ಹಿಡೀತು, ಕೂಡಿದ ದಿನದ ಖುಷಿ ಇವತ್ತಿಗೂ ಮರ್ತಿಲ್ಲ. ಹಿಂದಿನ ಕಾಲಿಗೆ ಜಾಸ್ತಿ ಒತ್ತಿದ್ರೆ ಮೂತಿ ಎದ್ದು ಬಾಲ ನೀರಲ್ಲಿ ಎಳೀತಾ ಹೋಗತ್ತೆ, ಸುಮಾರು ಜನ ಇಲ್ಲೇ ಸೋಲೋದು. ಎದ್ದ ತಕ್ಷಣ ಭಾರ ಮುಂದಿನ ಕಾಲಿಗೆ ತನ್ನಿ. ಒಮ್ಮೆ ಎದ್ರೆ ನಿಮ್ಮ ವೇಗವೇ ಗಾಳಿ ತರತ್ತೆ, ಹೊರಗೆ 9 ನಾಟ್ ಇದ್ದು ನೀವು ಅಡ್ಡಡ್ಡ 11ರಲ್ಲಿ ಹೋಗ್ತಿದ್ರೆ ವಿಂಗಿಗೆ ಸಿಗೋದು 14!

ಇಷ್ಟು ಮಾಡಿ ಒಂದು ತಿಂಗಳಾದ್ರೂ ಏಳ್ದಿದ್ರೆ ಆಗ 6 ಮೀಟರ್ ನೋಡೋಣ, ಆದ್ರೆ ನಾನಾದ್ರೆ ಮೊದ್ಲು ಫಾಯ್ಲ್ ಮುಂದಿನ ರೆಕ್ಕೆಯನ್ನೇ 1800 ಚದರ ಸೆಂಟಿಮೀಟರಿಂದು ತಗೋತೀನಿ.

ಪ್ರಶ್ನೆ: ನನ್ನ ವಿಂಗ್ ಮೂರು ವರ್ಷದ್ದು. ಪ್ರೆಶರ್ ಸರಿ ತುಂಬಿದ್ರೂ ಮಧ್ಯದ ಟ್ಯೂಬಿನ ಪಕ್ಕ ಬಟ್ಟೆ ನೆರಿಗೆ ಬೀಳತ್ತೆ. ಇನ್ನೂ ಒಂದೆರಡು ಪಿಎಸ್ಐ ಜಾಸ್ತಿ ತುಂಬ್ಲಾ? (ಓದುಗರು, ಕಾರವಾರ)

ಉತ್ತರ: ಬೇಡ ಮೇಡಂ, ಒಳಗಿನ ಬ್ಲಾಡರ್ (ಗಾಳಿ ಹಿಡಿಯೋ ಚೀಲ) ಒಡೀಬಹುದು. ಬಟ್ಟೆ ಹಿಗ್ಗಿದೆ, ಅದು ವಾಪಸ್ ಬಿಗಿ ಆಗಲ್ಲ. ಕಲಿಯೋರಿಗೆ ಧಾರಾಳ ಸಾಕು, ಕಮ್ಮಿ ಗಾಳೀಲಿ ಪಂಪ್ ಮಾಡೋಕೆ ಮಾತ್ರ ನಂಬ್ಬೇಡಿ. ಮುಂದೆ ತಗೊಳ್ಳೋ ವಿಂಗನ್ನ ದಡದಲ್ಲಿ ಗಂಟೆಗಟ್ಲೆ ಪಟಪಟ ಹೊಡ್ಕೊಳ್ಳೋಕೆ ಬಿಡ್ಬೇಡಿ, ಬಟ್ಟೆ ಹಿಗ್ಗೋದು ಬಿಸಿಲಿಂದ ಮತ್ತೆ ಇದ್ರಿಂದ್ಲೇ. ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ ಸುತ್ತಿಡಿ.

ಇಬ್ಬರಿಗೂ ಒಂದು ಮಾತು: ಕಮ್ಮಿ ಗಾಳಿ ದಿನ ಇಳಿತದ ಹೊತ್ತಲ್ಲಿ ಅಳಿವೆ ಬಾಗಿಲ ಹತ್ರ ಹೋಗ್ಲೇಬೇಡಿ. ಗಾಳಿ ನಿಂತ್ರೂ ಹೊಳೆ ನಿಲ್ಲಲ್ಲ, ಕಡಲಿಗೆ ಎಳ್ಕೊಂಡೋಗತ್ತೆ. ಬೋರ್ಡ್ ಕೈತಪ್ಪಿ ಹೋಗ್ದಂಗೆ ಲೀಷ್ ಹಗ್ಗ ಕಟ್ಟಿ, ಲೈಫ್ ಜಾಕೆಟ್ ಹಾಕಿ, ದಡದಲ್ಲಿ ಒಬ್ರನ್ನ ಇರಿಸ್ಕೊಂಡೇ ಇಳೀರಿ.