ವೃದ್ಧಾಶ್ರಮದ ಆಯಾಗಳು ಹೇಳಿದ ಕೆಲಸ ಮಾಡದಿದ್ದರೆ ಮೇಲ್ವಿಚಾರಕರು ಏನು ಮಾಡಬೇಕು?

ಬೈಯುವ ಮೊದಲು ಒಂದು ಪಾಳಿ ಪೂರ್ತಿ ಅವರ ಜೊತೆ ಕೆಲಸ ಮಾಡಿ. ಅವರಿಗೆ ಮನಸ್ಸಿಲ್ವಾ, ಇಲ್ಲ ಕೈಲಾಗ್ತಿಲ್ವಾ ಅನ್ನೋದು ಅಲ್ಲೇ ಗೊತ್ತಾಗುತ್ತದೆ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಸುಮ್ನೆ ಹೇಳಿಬಿಡುತ್ತೇವೆ. ಯಾಕೆ ಅಂತ ತೋರಿಸುವುದಿಲ್ಲ. ಒಂದೇ ಕಡೆ ಮಲಗಿದರೆ ಮೂಳೆ ಒತ್ತಿ ಆ ಜಾಗದ ಚರ್ಮಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಹುಣ್ಣಾಗುತ್ತದೆ. ಸೊಂಟದ ಹತ್ತಿರ ಕೆಂಪಾದ ಕಡೆ ಆಯಾ ಕೈಯಲ್ಲೇ ಮೆಲ್ಲಗೆ ಒತ್ತಿಸಿ. ಒತ್ತಿದಾಗಲೂ ಬೆಳ್ಳಗಾಗದೆ ಕೆಂಪಾಗೇ ಉಳಿದರೆ ಹುಣ್ಣು ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದಿರಬಹುದು, ಆ ಜಾಗ ಬಿಸಿಯಾಗಿಯೋ ಗಟ್ಟಿಯಾಗಿಯೋ ಇರಬಹುದು. ತಾನೇ ಮುಟ್ಟಿ ನೋಡಿದವಳಿಗೆ ಮತ್ತೆ ಮತ್ತೆ ಹೇಳಬೇಕಾಗುವುದು ಕಡಿಮೆ.

ರಾತ್ರಿ ಒಬ್ಬಳೇ ಭಾರದ ಅಜ್ಜನನ್ನು ಹೊರಳಿಸಬೇಕು ಅಂದ್ರೆ ಸೊಂಟ ಬಿದ್ದುಹೋಗುತ್ತೆ. ಅದು ಸೋಮಾರಿತನ ಅಲ್ಲ, ಇನ್ನೊಬ್ಬರನ್ನು ಕೊಡಿ.

ಇಷ್ಟಾದರೂ ಮಾಡದಿದ್ದರೆ ಪಕ್ಕಕ್ಕೆ ಕರೆದು, ಯಾವ ದಿನ, ಎಷ್ಟು ಹೊತ್ತಿಗೆ, ಏನು ತಪ್ಪಿತು ಅಂತ ಹೇಳಿ, ಬರೆದಿಡಿ. ಎಲ್ಲರೆದುರು ಬೈದರೆ ಆ ಸಿಟ್ಟು ಹಿರಿಯರ ಮೇಲೆ ತಿರುಗಬಹುದು. ಹೊಡೆದರೆ, ಬೇಕಂತಲೇ ಊಟ ತಪ್ಪಿಸಿದರೆ ಮಾತ್ರ ಎರಡನೇ ಅವಕಾಶ ಬೇಡ. ಆ ಕ್ಷಣವೇ ಹಿರಿಯರಿಂದ ದೂರ ಇಡಿ.