ಮುತ್ತಜ್ಜಿಯ ಹಣೆಯ ಕುಂಕುಮ ಫೋಟೊದಲ್ಲಿ ಕಪ್ಪೇಕೆ?

ಪ್ರಶ್ನೆ: ಸರ್, ನಮ್ಮದು ಜಮಖಂಡಿ. ಹಳೆ ಮನೆ ಬಿಚ್ಚಿಸುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ದಪ್ಪ ರಟ್ಟಿಗೆ ಅಂಟಿಸಿದ ಒಂದು ಫೋಟೊ ಸಿಕ್ಕಿದೆ. ನಮ್ಮ ಮುತ್ಯಾನ ಅವ್ವ ಕುರ್ಚಿಯ ಮೇಲೆ ಕೂತಿದ್ದಾಳೆ, ಮುತ್ಯಾನ ಅಪ್ಪ ರುಮಾಲು ಸುತ್ತಿಕೊಂಡು ಪಕ್ಕದಲ್ಲಿ ನಿಂತಿದ್ದಾನೆ. ಆಕೆಯ ಹಣೆಯಲ್ಲಿ ದೊಡ್ಡ ಕಪ್ಪು ಬೊಟ್ಟು, ಸೆರಗೂ ಕಪ್ಪು. ಮುತ್ತೈದೆ ಹೆಣ್ಣುಮಗಳು ಹಾಗೆ ಫೋಟೊ ತೆಗೆಸಿಕೊಂಡಾಳೇ ಎಂದು ಮನೆಯಲ್ಲಿ ವಾದ ನಡೆದಿದೆ. ದೊಡ್ಡವ್ವ ಅಂತೂ "ಇವ್ರು ನಮ್ಮ ಮಂದಿನ ಅಲ್ಲ" ಎಂದುಬಿಟ್ಟಿದ್ದಾಳೆ. ಇದು 1860ರ ಫೋಟೊ ಅಂತ ಕಾಕಾ ಹೇಳುತ್ತಾರೆ. ಮೊಬೈಲಿನಲ್ಲಿ ತೆಗೆದು ಕಳಿಸಿದ್ದೇನೆ. ದಯವಿಟ್ಟು ತಿಳಿಸಿ.

ಉತ್ತರ: ಮೊದಲು ದೊಡ್ಡವ್ವನಿಗೆ ಹೇಳಿ, ಅದು ಕಪ್ಪು ಬೊಟ್ಟಲ್ಲ, ಕುಂಕುಮ. ಸೆರಗೂ ಕಪ್ಪಲ್ಲ, ಕೆಂಪು.

ಆ ಕಾಲದ ಫೋಟೊ ಪ್ಲೇಟಿಗೆ ಕೆಂಪು ಬಣ್ಣ ಕಾಣಿಸುತ್ತಲೇ ಇರಲಿಲ್ಲ. ಗಾಜಿನ ಮೇಲೆ ಬಳಿದ ಬೆಳ್ಳಿಯ ಲವಣ ನೀಲಿ ಮತ್ತು ನೇರಳೆ ಬೆಳಕಿಗೆ ಬೇಗ ಸ್ಪಂದಿಸುತ್ತದೆ, ಕೆಂಪಿಗೆ ಸ್ಪಂದಿಸುವುದಿಲ್ಲ. ಹಾಗಾಗಿ ಕೆಂಪು ಇದ್ದ ಕಡೆಯೆಲ್ಲ ಫೋಟೊದಲ್ಲಿ ಕಪ್ಪು ಬೀಳುತ್ತಿತ್ತು, ನೀಲಿ ಇದ್ದ ಕಡೆ ಬಿಳಿಚಿಕೊಳ್ಳುತ್ತಿತ್ತು. ಹಳೆ ಫೋಟೊಗಳ ಆಕಾಶದಲ್ಲಿ ಒಂದು ಮೋಡವೂ ಇಲ್ಲದೆ ಬರೀ ಬಿಳಿ ಇರುವುದಕ್ಕೂ ಇದೇ ಕಾರಣ. ಲವಣಕ್ಕೆ ಕೆಲವು ಬಣ್ಣಗಳನ್ನು ಬೆರೆಸಿದರೆ ಹಸಿರು, ಹಳದಿಯೂ ಮೂಡುತ್ತವೆ ಎಂದು ಜರ್ಮನಿಯ ಹರ್ಮನ್ ವೋಗಲ್ 1873ರಲ್ಲಿ ಕಂಡುಕೊಂಡ. ಕೆಂಪನ್ನೂ ಹಿಡಿಯುವ ಪ್ಯಾಂಕ್ರೊಮ್ಯಾಟಿಕ್ ಪ್ಲೇಟು ಅಂಗಡಿಗೆ ಬಂದದ್ದು 1906ರಲ್ಲಿ. ಬಂದ ಮೇಲೂ ಸಣ್ಣ ಊರಿನ ಸ್ಟುಡಿಯೋದವರು ಹಳೆ ಪ್ಲೇಟನ್ನೇ ಬಹುಕಾಲ ಬಳಸಿದರು. ಕೆಂಪು ಕಾಣದ ಪ್ಲೇಟನ್ನು ಕತ್ತಲಕೋಣೆಯಲ್ಲಿ ಕೆಂಪು ದೀಪ ಹಚ್ಚಿಕೊಂಡು, ಕಣ್ಣಿಂದ ನೋಡುತ್ತಲೇ ತೊಳೆಯಬಹುದಿತ್ತು. ಹೊಸದನ್ನು ತೊಳೆಯಲು ಪೂರ್ತಿ ಕತ್ತಲೆ ಬೇಕು.

ನೀವು ಕಳಿಸಿದ ಚಿತ್ರವನ್ನು ದೊಡ್ಡದು ಮಾಡಿಕೊಂಡು ಬಹಳ ಹೊತ್ತು ನೋಡಿದೆ. ಭುಜದಿಂದ ಮಡಿಲಿಗೆ ಇಳಿದ ಆ 'ಕಪ್ಪು' ಸೆರಗಿನಲ್ಲಿ ಬಿಳಿ ತೆನೆಗಳ ಸಾಲು ಹಲ್ಲು ಹಲ್ಲಾಗಿ ಎದ್ದು ಕಾಣುತ್ತದೆ. ಅದು ಇಳಕಲ್ಲಿನ ತೋಪ್ ತೆನಿ ಸೆರಗು. ಕೆಂಪು ರೇಷ್ಮೆಯಲ್ಲಿ ಬಿಳಿ ತೆನೆ ಬರುವ ಆ ಸೆರಗನ್ನು ನಿಮ್ಮ ಮನೆಯ ಹೆಣ್ಣುಮಕ್ಕಳು ಈಗಲೂ ಗುರುತಿಸಿಯಾರು. ಸೀರೆಯ ಒಡಲು ಮಾಸಿದ ಬಿಳಿಯಂತೆ ಬಂದಿದೆ, ಅದು ತಿಳಿ ನೀಲಿಯೇ ಇದ್ದಿರಬೇಕು. ಒಟ್ಟಿನಲ್ಲಿ ನಿಮ್ಮ ಮುತ್ಯಾನ ಅವ್ವ ಆ ದಿನ ಹಣೆತುಂಬ ಕುಂಕುಮ ಹಚ್ಚಿಕೊಂಡು, ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಇಳಕಲ್ ಸೀರೆ ಉಟ್ಟುಕೊಂಡು ಬಂದು ಕೂತಿದ್ದಾಳೆ. ಹೀಗೆ ಕಪ್ಪಾದ ಕುಂಕುಮಕ್ಕೆ ಮತ್ತೆ ಕೆಂಪು ತುಂಬಲೆಂದೇ ಅನೇಕ ಸ್ಟುಡಿಯೋಗಳಲ್ಲಿ ಸಣ್ಣ ಕುಂಚ ಹಿಡಿದು ಫೋಟೊದ ಮೇಲೆ ಬಣ್ಣ ಬಳಿಯುವವರು ಇದ್ದರು. ನಿಮ್ಮ ಫೋಟೊಕ್ಕೆ ಆ ಭಾಗ್ಯ ಸಿಕ್ಕಿಲ್ಲ, ಅಷ್ಟೇ.

ಇಲ್ಲೇ ಇನ್ನೊಂದು ಮಾತು ಹೇಳಬೇಕು. ನನ್ನನ್ನು ಬಹಳ ಕಾಡಿದ ಮಾತು ಅದು. ನಮ್ಮ ಗೋಧಿಬಣ್ಣದ ಚರ್ಮದಲ್ಲಿ ಕೆಂಪು, ಕಂದು ಛಾಯೆಯೇ ಹೆಚ್ಚು. ಹಾಗಾಗಿ ಆ ಪ್ಲೇಟುಗಳಲ್ಲಿ ನಮ್ಮವರೆಲ್ಲ ಇದ್ದದ್ದಕ್ಕಿಂತ ಕಪ್ಪಾಗಿ ಬಿದ್ದರು. ಇಂಥ ಫೋಟೊಗಳನ್ನೇ ಅಂಟಿಸಿ ಸರ್ಕಾರ 1868ರಿಂದ 1875ರವರೆಗೆ 'ದ ಪೀಪಲ್ ಆಫ್ ಇಂಡಿಯಾ' ಎಂಬ ಎಂಟು ಸಂಪುಟ ಹೊರತಂದಿತು. 468 ಫೋಟೊ. ಈ ಜಾತಿಯವರು ನಂಬಿಕಸ್ಥರು, ಆ ಬುಡಕಟ್ಟಿನವರು ಕಳ್ಳರು ಎಂಬಂಥ ಟಿಪ್ಪಣಿ ಕೆಳಗೆ. ಕ್ಯಾಮೆರಾ ಸುಳ್ಳು ಹೇಳದು ಎಂದು ಓದಿದವರೆಲ್ಲ ನಂಬಿದರು. ಕೆಂಪು ಕಾಣದ ಕಣ್ಣೊಂದು ನಮ್ಮ ಜನರ ಮೈಬಣ್ಣಕ್ಕೆ ಸಾಕ್ಷಿ ಹೇಳಿತು ಎಂದು ನೆನೆದರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನು ಕಾಲದ ಮಾತು. ಕಾಕಾ ಅವರ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಇದು 1860ರದ್ದಲ್ಲ. ಫೋಟೊವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕಪ್ಪು ಭಾಗಗಳಲ್ಲಿ, ಅಂಚಿನ ಕಡೆ, ಕನ್ನಡಿಯಂಥ ನೀಲಿ ಹೊಳಪು ಕಾಣುತ್ತದೆಯೇ? ನಿಮ್ಮ ಎರಡನೆಯ ಚಿತ್ರದಲ್ಲಿ ನನಗೆ ಅದು ಕಂಡಿದೆ. ಕಾಲ ಕಳೆದಂತೆ ಜೆಲಟಿನ್ ಕಾಗದದಲ್ಲಿನ, ಅಂದರೆ ಜೆಲಟಿನ್ ಎಂಬ ಅಂಟು ಬಳಿದ, ಆಮೇಲಿನ ಕಾಲದ ಕಾಗದದಲ್ಲಿನ ಬೆಳ್ಳಿ ಮೇಲಕ್ಕೆ ಬಂದು ಹಾಗೆ ಹೊಳೆಯುತ್ತದೆ. 1860ರ ಫೋಟೊ ಆಗಿದ್ದರೆ ಅದು ಮೊಟ್ಟೆಯ ಬಿಳಿಲೋಳೆ ಬಳಿದ ಆಲ್ಬುಮಿನ್ ಕಾಗದದ ಮೇಲೆ ಇರುತ್ತಿತ್ತು. ಬಿಳಿ ಭಾಗವೆಲ್ಲ ಹಳದಿಗಟ್ಟಿ, ಭೂತಗನ್ನಡಿ ಹಿಡಿದರೆ ಕಾಗದದ ಎಳೆ ಎಳೆ ಕಾಣುತ್ತಿತ್ತು. ಅಳತೆ 10.8ಕ್ಕೆ 16.5 ಸೆಂಟಿಮೀಟರ್ ಎಂದು ಬರೆದಿದ್ದೀರಿ. ಅದು ಸ್ಟುಡಿಯೋದವರು ದಪ್ಪ ರಟ್ಟಿಗೆ ಅಂಟಿಸಿ ಕೊಡುತ್ತಿದ್ದ ಕ್ಯಾಬಿನೆಟ್ ಕಾರ್ಡಿನ ಅಳತೆ. ಕೆಳಗೆ 'ಬೆಳಗಾಂವ್ ಕ್ಯಾಂಪ್' ಎಂದಿದೆ, ಅಂದರೆ ದಂಡಿನ ಪ್ರದೇಶದ ಸ್ಟುಡಿಯೋ. ಸಿಪಾಯಿಗಳು, ಸಾಹೇಬರು ಊರಿಗೆ ಫೋಟೊ ಕಳಿಸುತ್ತಿದ್ದುದರಿಂದ ಕ್ಯಾಂಪಿನಲ್ಲಿ ಈ ದಂಧೆಗೆ ಸದಾ ಗಿರಾಕಿ. ಹಿಂದಿನ ಪರದೆಯ ಮೇಲೆ ಬರೆದ ಕಂಬ, ಮೆಟ್ಟಿಲು, ಕೆರೆಯೂ ಅವರ ರುಚಿಗೆ ಬರೆಸಿದವೇ. ಎಲ್ಲ ಸೇರಿಸಿ ನೋಡಿದರೆ 1900ರಿಂದ 1925ರ ನಡುವಿನದು ಎನ್ನಬಹುದು.

ನಿಮ್ಮ ಪತ್ರದಲ್ಲಿ ಮುತ್ಯಾನ ಅಪ್ಪನ ಹೆಸರಿದೆ, ಆಕೆಯ ಹೆಸರಿಲ್ಲ. ದೊಡ್ಡವ್ವನನ್ನು ಇವತ್ತೇ ಕೇಳಿ. ಮದುವೆಯಲ್ಲಿ ಇಟ್ಟ ಹೆಸರು, ತವರಿನ ಹೆಸರು ಎರಡನ್ನೂ ಕೇಳಿ, ರಟ್ಟಿನ ಹಿಂಬದಿಗೆ ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಿ. ಪೆನ್ನು ಬೇಡ, ಶಾಯಿ ಮುಂದಕ್ಕೆ ಇಳಿಯುತ್ತದೆ.

ಪ್ರಶ್ನೆ: ನಾನು ವಿಜಯಪುರದಲ್ಲಿ ಬಿ.ಎ. ಓದುತ್ತಿದ್ದೇನೆ. ಗೋಳಗುಮ್ಮಟ, ಬಾದಾಮಿ, ಐಹೊಳೆಗಳ ಬಹಳ ಹಳೆಯ ಫೋಟೊಗಳಲ್ಲಿ ಊರಿನ ಜನ ಕಾಣುವುದೇ ಇಲ್ಲ. ಆಗ ಇಲ್ಲಿ ಜನ ಇರಲಿಲ್ಲವೇ? ಇವನ್ನು ಯಾರು, ಯಾಕೆ ತೆಗೆದರು? ನಮ್ಮವರು ಕ್ಯಾಮೆರಾ ಹಿಡಿದದ್ದು ಯಾವಾಗ? 1876ರಿಂದ 78ರ ಬರದ ಫೋಟೊಗಳು ನಮ್ಮ ಜಿಲ್ಲೆಯವೇ?

ಉತ್ತರ: ಜನ ಇದ್ದರು. ನಡೆದಾಡುತ್ತಿದ್ದವರು ಕಾಗದದ ಮೇಲೆ ಉಳಿಯಲಿಲ್ಲ.

ಪ್ಯಾರಿಸ್ಸಿನಲ್ಲಿ 1839ರಲ್ಲಿ ಪ್ರಕಟವಾದ ಫೋಟೊ ವಿದ್ಯೆ ಮರುವರ್ಷವೇ ಕಲ್ಕತ್ತೆಯ ಅಂಗಡಿಯ ಜಾಹೀರಾತಿನಲ್ಲಿತ್ತು. ನಮ್ಮ ಕಡೆಗೆ ಅದು ಬಂದದ್ದು ಸರ್ಕಾರದ ಸಾಮಾನಾಗಿ. ಸಾತಾರಾ ರಾಜರಿಗೆ ವಾರಸುದಾರರಿಲ್ಲವೆಂದು ಈಸ್ಟ್ ಇಂಡಿಯಾ ಕಂಪನಿ 1848ರಲ್ಲಿ ಆ ಸಂಸ್ಥಾನವನ್ನು ನುಂಗಿತು. ಆವರೆಗೆ ಸಾತಾರಾಕ್ಕೆ ಸೇರಿದ್ದ ಬಿಜಾಪುರವೂ ಅದರ ಜೊತೆಗೇ ಹೋಯಿತು. ಏಳೇ ವರ್ಷಕ್ಕೆ, 1855ರಲ್ಲಿ, ಮುಂಬಯಿ ತೋಪಖಾನೆಯ ಕ್ಯಾಪ್ಟನ್ ಥಾಮಸ್ ಬಿಗ್ಸ್ ಕ್ಯಾಮೆರಾ ಹೊತ್ತುಕೊಂಡು ಇಲ್ಲಿಗೆ ಬಂದ. ಬಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲು ಸುತ್ತಿದ. ಕಟ್ಟಡಗಳ ಚಿತ್ರ ಬರೆಯಲು ಕಲಾವಿದರನ್ನಿಟ್ಟರೆ ವರ್ಷಗಟ್ಟಲೆ ಸಂಬಳ ಕೊಡಬೇಕು, ಫೋಟೊ ಆದರೆ ಅಗ್ಗ, ತಪ್ಪೂ ಕಡಿಮೆ ಎಂಬುದು ಲಂಡನ್ನಿನ ಕಂಪನಿ ನಿರ್ದೇಶಕರ ಲೆಕ್ಕಾಚಾರ. ಅದೇ ವರ್ಷದ ಕೊನೆಗೆ ಬಿಗ್ಸ್‌ನನ್ನು ಪಲ್ಟಣಕ್ಕೆ ವಾಪಸ್ ಕರೆಸಿದರು. ಬಳಿಕ ಡಾಕ್ಟರ್ ಪಿಗೂ, ಅವನು ತೀರಿಕೊಂಡ ಮೇಲೆ ನೀಲ್ ಎಂಬವನು ಕೆಲಸ ಮುಂದುವರಿಸಿದರು. 1866ರಲ್ಲಿ ಈ ಫೋಟೊಗಳು ಲಂಡನ್ನಿನಲ್ಲಿ ದೊಡ್ಡ ಪುಸ್ತಕಗಳಾದವು. ಬಿಜಾಪುರದ ಪುಸ್ತಕಕ್ಕೆ ಬರೆದವರಲ್ಲಿ ಒಬ್ಬ ಮೆಡೋಸ್ ಟೇಲರ್, ನಮ್ಮ ಸುರಪುರದಲ್ಲಿ ವರ್ಷಗಟ್ಟಲೆ ಇದ್ದವನು. ಹಣ ಹಾಕಿದವರು ಮುಂಬಯಿಯ ವ್ಯಾಪಾರಿಗಳು.

ಬಿಗ್ಸ್ ಬಳಸಿದ್ದು ಗಾಜನ್ನಲ್ಲ, ಕಾಗದದ ನೆಗೆಟಿವ್. ಕಾಗದಕ್ಕೆ ಬೆಳ್ಳಿಯ ಲವಣ ಬಳಿದು, ಕತ್ತಲೆಯಲ್ಲಿ ಕ್ಯಾಮೆರಾಕ್ಕೆ ಸೇರಿಸಿ, ಮಸೂರದ ಮುಚ್ಚಳ ತೆಗೆದು ಕಾಯಬೇಕು. ರಣಬಿಸಿಲಿದ್ದರೂ ನಿಮಿಷಗಟ್ಟಲೆ ಕಾಯಬೇಕು. ಅಷ್ಟು ಹೊತ್ತಿನಲ್ಲಿ ಗುಮ್ಮಟದ ಮುಂದೆ ಬಂಡಿ ಹೊಡೆದುಕೊಂಡು ಹೋದವನು, ಕೊಡ ಹೊತ್ತು ಹೋದವಳು, ಎಮ್ಮೆ ಕಾಯುವ ಹುಡುಗ, ಯಾರ ಗುರುತೂ ಕಾಗದಕ್ಕೆ ಹತ್ತುವುದಿಲ್ಲ. ಕಲ್ಲು ಅಲುಗುವುದಿಲ್ಲವಾದ್ದರಿಂದ ಕಲ್ಲು ಮಾತ್ರ ನಿಲ್ಲುತ್ತದೆ. ಇದರಿಂದ ಆದ ಕೇಡು ಸಣ್ಣದಲ್ಲ. ವಿಲಾಯತಿಯಲ್ಲಿ ಪುಸ್ತಕ ತೆರೆದವರ ಕಣ್ಣಿಗೆ ಬಿಜಾಪುರ ಅಂದರೆ ಯಾರೂ ವಾಸವಿಲ್ಲದ ಹಾಳೂರು, ಅಂದಮೇಲೆ ಅದನ್ನು ಕಾಪಾಡುವವರು ತಾವೇ. ಅದೇ ಸರ್ಕಾರ 1885ರಲ್ಲಿ ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಬಿಜಾಪುರಕ್ಕೆ ತಂದಾಗ ಆದಿಲಶಾಹಿ ಕಟ್ಟಡಗಳಲ್ಲೇ ಕಚೇರಿ ಮಾಡಿಕೊಂಡಿತು. ಒಂದು ಮಸೀದಿ ಅಂಚೆ ಕಚೇರಿಯಾಯಿತು, ಇನ್ನೊಂದು ಪ್ರವಾಸಿ ಬಂಗಲೆಯಾಯಿತು. ವೈಸರಾಯ್ ಲಾರ್ಡ್ ಕರ್ಜನ್ ಬಂದು ಅವನ್ನು ಖಾಲಿ ಮಾಡಿಸಬೇಕಾಯಿತು.

ಕೆಲವು ಫೋಟೊಗಳಲ್ಲಿ ಕಂಬದ ಬುಡದಲ್ಲೋ ಮೆಟ್ಟಿಲ ಮೇಲೋ ಒಬ್ಬ ಮನುಷ್ಯ ಕೂತಿರುತ್ತಾನೆ. ಧೋತರ, ತಲೆಗೆ ಪಟಗ, ಕೈಗಳು ಮೊಣಕಾಲ ಮೇಲೆ. ಅವನು ತಾನಾಗಿ ಬಂದು ಕೂತವನಲ್ಲ. ಕಟ್ಟಡ ಎಷ್ಟು ಎತ್ತರ ಎಂದು ನೋಡುವವರಿಗೆ ತಿಳಿಯಲೆಂದು ಅಳತೆಗೋಲಿನ ಹಾಗೆ ಅವನನ್ನು ಕೂರಿಸುತ್ತಿದ್ದರು, ಅಲುಗಬೇಡ ಎಂದು ಹೇಳಿ. ಕಟ್ಟಡದ ಹೆಸರು, ಊರಿನ ಹೆಸರು, ಫೋಟೊ ತೆಗೆದವನ ಹೆಸರು ಎಲ್ಲ ದಾಖಲಾಗಿವೆ. ಅವನ ಹೆಸರಿಲ್ಲ. ಬಹುಶಃ ಪೆಟ್ಟಿಗೆ ಹೊತ್ತು ತಂದ ಕೂಲಿಯವನೇ ಇರಬೇಕು. ನೀವು ಆ ಫೋಟೊಗಳನ್ನು ನೋಡುವಾಗ ಗುಮ್ಮಟಕ್ಕಿಂತ ಮೊದಲು ಅವನನ್ನು ಹುಡುಕಿ ಎಂದು ಕೇಳಿಕೊಳ್ಳುತ್ತೇನೆ.

ಹಾಗಂತ ಅವು ಬೇಡದ ಫೋಟೊಗಳೇನೂ ಅಲ್ಲ. ಐಹೊಳೆಯ ದುರ್ಗ ಗುಡಿಗೆ ಆ ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ಗುಡಿ ಕೋಟೆಯ ಭಾಗವಾಗಿದ್ದುದರಿಂದ. ಆಗ ಅದರ ಚಾವಣಿಯ ಮೇಲೆ ಕಲ್ಲು ಪೇರಿಸಿ ಕಾವಲು ನಿಲ್ಲುತ್ತಿದ್ದರು. ಇವತ್ತಿನ ಹುಲ್ಲುಹಾಸಿನ ನಡುವೆ ಗುಡಿ ನೋಡುವವರು ಅದನ್ನು ಊಹಿಸಲಾರರು, ಹಳೆ ಫೋಟೊ ನೋಡಿದವರಿಗೆ ತಿಳಿಯುತ್ತದೆ. ಲಾಡಖಾನ ಗುಡಿಯ ಹೆಸರಂತೂ ಅದರೊಳಗೆ ಸಂಸಾರ ಮಾಡಿಕೊಂಡಿದ್ದವನದೇ. ಗುಡಿಗಳ ಒಳಗೂ ಮಗ್ಗುಲಿಗೂ ಊರು ಹಬ್ಬಿತ್ತು. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನು ಸಮೀಕ್ಷೆ ಮಾಡಿದ ವರದಿಯೂ ಇಂಥ ವಿವರಗಳಿಗೆ ಬಹಳ ಉಪಯೋಗ.

ನಮ್ಮವರು ಕ್ಯಾಮೆರಾ ಹಿಡಿದದ್ದು ನೀವು ಅಂದುಕೊಂಡದ್ದಕ್ಕಿಂತ ಬೇಗ. 1854ರಲ್ಲಿ ಮುಂಬಯಿಯ ಫೋಟೊ ಸಂಘ ಶುರುವಾದಾಗಲೇ ಡಾಕ್ಟರ್ ಭಾವೂ ದಾಜಿಯವರಂಥ ನಮ್ಮವರು ಅದರಲ್ಲಿದ್ದರು. ಮರುವರ್ಷ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಫೋಟೊ ತರಗತಿ ತೆರೆಯಿತು. ಕಲ್ಕತ್ತೆಯ ಸಂಘದಲ್ಲಿ ರಾಜೇಂದ್ರಲಾಲ ಮಿತ್ರ ಖಜಾಂಚಿಯಾಗಿದ್ದರು. ಬಣ್ಣಕ್ಕಾಗಿ ನೀಲಿ ಗಿಡ ಬೆಳೆಸುವ ಬಿಳಿಯ ತೋಟಗಾರರು ರೈತರನ್ನು ಹಿಂಸಿಸುತ್ತಾರೆ ಎಂದು ಒಂದು ಸಭೆಯಲ್ಲಿ ಮಾತಾಡಿದ್ದಕ್ಕೆ 1857ರಲ್ಲಿ ಅವರನ್ನು ಸಂಘದಿಂದ ಹೊರಗೆ ಹಾಕಿದರು. ಫೋಟೊ ಸಂಘಕ್ಕೂ ನೀಲಿ ಬೆಳೆಗೂ ಏನು ಸಂಬಂಧ ಎಂದು ನಿಮಗೆ ಅನ್ನಿಸಬಹುದು. ಆ ಕಾಲದಲ್ಲಿ ಕ್ಯಾಮೆರಾ ಕೊಳ್ಳುವಷ್ಟು ದುಡ್ಡಿದ್ದವರು, ನೀಲಿಯಲ್ಲಿ ದುಡ್ಡು ಮಾಡುತ್ತಿದ್ದವರು, ಅಧಿಕಾರ ನಡೆಸುತ್ತಿದ್ದವರು, ಎಲ್ಲರೂ ಕೂಡುತ್ತಿದ್ದುದು ಒಂದೇ ಕೋಣೆಯಲ್ಲಿ. ಮುಂದೆ ರೂರ್ಕಿಯಲ್ಲಿ ಎಂಜಿನಿಯರಿಂಗ್ ಕಲಿತ ಲಾಲಾ ದೀನ ದಯಾಳ್ ಹೈದರಾಬಾದಿನ ನಿಜಾಮರ ಫೋಟೊಗ್ರಾಫರ್ ಆಗಿ ಯಾವ ಬಿಳಿಯನಿಗೂ ಕಡಿಮೆಯಿಲ್ಲದ ಹೆಸರು ಮಾಡಿದರು.

1876ರಿಂದ 78ರ ಬರದ ಬಗ್ಗೆಯೂ ಕೇಳಿದ್ದೀರಿ. ಕಲಾದಗಿ ಜಿಲ್ಲೆ ಆ ಬರದಲ್ಲಿ ಬಹಳ ಬೆಂದಿತು. ಆದರೆ ಎಲುಬಿನ ಗೂಡಾದ ಜನರ, ಎಲ್ಲ ಕಡೆ ಕಾಣಸಿಗುವ ಆ ಫೋಟೊಗಳು ಮದ್ರಾಸ್ ಪ್ರಾಂತದವು, ವಿಲೋಬಿ ವಾಲೇಸ್ ಹೂಪರ್ ಎಂಬ ಸೇನಾಧಿಕಾರಿ ತೆಗೆದವು. ಅವನ್ನು ನಮ್ಮ ಜಿಲ್ಲೆಯವು ಎಂದು ಹಾಕಬೇಡಿ.

ಪ್ರಶ್ನೆ: ಬೆಳಗಾವಿ ಶಹಾಪುರದಲ್ಲಿ ನಮ್ಮ ಅಜ್ಜನ ಸ್ಟುಡಿಯೋ ಇತ್ತು, ಈಗ ಮುಚ್ಚಿದೆ. ಅಟ್ಟದ ಮೇಲೆ ಗಾಜಿನ ನೆಗೆಟಿವ್‌ಗಳ ಮೂರು ಪೆಟ್ಟಿಗೆ, ಜೊತೆಗೆ ಇಲಿ ಕಡಿದ ಹಳೆ ಲೆಕ್ಕದ ವಹಿಗಳು ಇವೆ. ಗಾಜುಗಳನ್ನು ತೊಳೆದು ಇಡಬಹುದೇ? ವಹಿಗಳನ್ನು ರದ್ದಿಗೆ ಹಾಕಬಹುದೇ?

ಉತ್ತರ: ತೊಳೆಯಬೇಡಿ. ಕಾಲೇಜಿನ ದಿನಗಳಲ್ಲಿ ನಾನು ಸೋದರಮಾವನ ಮನೆಯಲ್ಲಿ ಸಿಕ್ಕ ಒಂದು ಪ್ಲೇಟನ್ನು ಧೂಳು ಹೋಗಲೆಂದು ಒದ್ದೆ ಅರಿವೆಯಿಂದ ಒರೆಸಿದೆ. ತೊಟ್ಟಿಲಲ್ಲಿದ್ದ ಕೂಸಿನ ಚಿತ್ರ ಹಾಲಿನ ಕೆನೆಯ ಹಾಗೆ ಸುರುಟಿಕೊಂಡು ಅರಿವೆಗೆ ಹತ್ತಿ ಬಂತು. ಆ ಕೂಸಿನ ಇನ್ನೊಂದು ಫೋಟೊ ಮನೆಯಲ್ಲಿರಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ಪ್ಲೇಟಿನ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಬದಿ ಮಂಕಾಗಿರುತ್ತದೆ. ಮಂಕು ಬದಿಯಲ್ಲಿ ಚಿತ್ರವಿದೆ, ಅದನ್ನು ಮುಟ್ಟಬೇಡಿ. ಹೊಳೆಯುವ ಬದಿಯನ್ನು ಮಾತ್ರ ಒಣ ಮೆತ್ತನೆ ಬ್ರಶ್‌ನಿಂದ ಝಾಡಿಸಿ. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಿ, ಪ್ಲಾಸ್ಟಿಕ್ ಬೇಡ. ಒಂದರ ಮೇಲೊಂದು ಪೇರಿಸಿದರೆ ಕೆಳಗಿನವು ಭಾರಕ್ಕೆ ಸೀಳುತ್ತವೆ, ಆದ್ದರಿಂದ ಉದ್ದನೆಯ ಅಂಚಿನ ಮೇಲೆ ನಿಲ್ಲಿಸಿಡಿ. ಅಟ್ಟದಿಂದ ಇಳಿಸಿ ಗಾಳಿಯಾಡುವ ಒಳಕೋಣೆಗೆ ತನ್ನಿ. ನಿಮ್ಮ ಬೆಳಗಾವಿಯ ಮಳೆಗಾಲದ ತೇವಕ್ಕೆ ಜೆಲಟಿನ್ ಉಬ್ಬಿ ಬೂಷ್ಟು ಹಿಡಿಯುತ್ತದೆ. ಒಂದಕ್ಕೊಂದು ಅಂಟಿಕೊಂಡ ಪ್ಲೇಟುಗಳನ್ನು ಬಿಡಿಸಲು ಹೋಗಬೇಡಿ, ಹಾಗೇ ಇಡಿ.

ವಹಿಗಳನ್ನಂತೂ ಯಾವ ಕಾರಣಕ್ಕೂ ರದ್ದಿಗೆ ಹಾಕಬೇಡಿ. ಪ್ಲೇಟಿನ ಮೂಲೆಯಲ್ಲಿ ಶಾಯಿಯಿಂದ ಬರೆದ ಅಥವಾ ಗೀರಿದ ಒಂದು ನಂಬರು ಇದೆಯೇ ನೋಡಿ. ಸ್ಟುಡಿಯೋದವರು ಸಾಮಾನ್ಯವಾಗಿ ಅದೇ ನಂಬರಿನ ಮುಂದೆ ವಹಿಯಲ್ಲಿ ಗಿರಾಕಿಯ ಹೆಸರು, ಊರು, ತಾರೀಕು, ಕೊಟ್ಟ ಮುಂಗಡ ಬರೆದಿಡುತ್ತಿದ್ದರು. ಪ್ಲೇಟುಗಳಿಗೆ ಕೈ ಹಾಕುವ ಮೊದಲು ವಹಿಯ ಒಂದೊಂದು ಪುಟವನ್ನೂ ಮೊಬೈಲಿನಲ್ಲಿ ತೆಗೆದುಕೊಳ್ಳಿ, ಇಲಿ ಕಡಿದ ಅಂಚುಗಳನ್ನೂ ಬಿಡಬೇಡಿ. ಅಕ್ಷರ ಹಳೆಯ ಮರಾಠಿಯ ಮೋಡಿ ಲಿಪಿಯಲ್ಲಿದ್ದರೆ ನನಗೆ ಕಳಿಸಿ, ಓದಬಲ್ಲ ಹಿರಿಯರೊಬ್ಬರಿಗೆ ತೋರಿಸುತ್ತೇನೆ.